ಶಿಬಿರಕ್ಕೆ ಮುಂಚೆ ನಾವು ಅಷ್ಟೊಂದು ಕೆಟ್ಟಿದ್ವಾ?

ವ್ಯಕ್ತಿತ್ವ ವಿಕಸನ ಶಿಬಿರಗಳನ್ನು ನಾನು ಎರಡು ಕಡೆಯಿಂದ ನೋಡಿದ್ದೇನೆ. ಕೈಯಿಂದ ದುಡ್ಡು ಕೊಟ್ಟು ಕುರ್ಚಿಯಲ್ಲಿ ಕೂತಿದ್ದೇನೆ. ಕಂಪನಿ ದುಡ್ಡಿನಲ್ಲಿ ಬೇರೆಯವರನ್ನು ಕೂರಿಸಿಯೂ ಇದ್ದೇನೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ಕೆಲಸ ನನ್ನದು. ಒಬ್ಬೊಬ್ಬ ನೌಕರನಿಗೂ ವರ್ಷಕ್ಕೆ ಇಂತಿಷ್ಟು ಗಂಟೆ ಟ್ರೈನಿಂಗ್ ಆಗಿದೆ ಎಂದು ಕಾಗದದಲ್ಲಿ ತೋರಿಸಬೇಕು. ಇಲ್ಲದಿದ್ದರೆ ಆಡಿಟ್‌ನವರು ಬಿಡುವುದಿಲ್ಲ. ಹಾಗಾಗಿ ಟ್ರೈನರ್‌ಗಳು ಬರುತ್ತಲೇ ಇರುತ್ತಾರೆ. ಒಬ್ಬರು ಲೀಡರ್‌ಶಿಪ್, ಇನ್ನೊಬ್ಬರು ಪಾಸಿಟಿವ್ ಆಟಿಟ್ಯೂಡ್, ಮತ್ತೊಬ್ಬರು ಟೈಮ್ ಮ್ಯಾನೇಜ್‌ಮೆಂಟ್. (ಟೈಮ್ ಮ್ಯಾನೇಜ್‌ಮೆಂಟ್‌ನವರು ತಡವಾಗಿ ಬಂದದ್ದನ್ನು ಇಲ್ಲಿ ಎತ್ತಬಾರದು. ತುಮಕೂರು ರಸ್ತೆಯ ಟ್ರಾಫಿಕ್ ಅವರ ಕೈಯಲ್ಲಿತ್ತಾ?)

ಇವೆಲ್ಲ ಬರೀ ಮೋಸ ಎನ್ನುವವರ ಜೊತೆ ನಾನಿಲ್ಲ. ನನ್ನ ಬದುಕೇ ಬದಲಾಯಿತು ಎನ್ನುವವರ ಜೊತೆ ನಿಲ್ಲುವುದೂ ಕಷ್ಟ. ನನ್ನ ತಕರಾರು ಒಂದು ಸಣ್ಣ ಜಾಗದಲ್ಲಿದೆ. ಅಲ್ಲಿಗೆ ಬರಲು ಸ್ವಲ್ಪ ಸುತ್ತಬೇಕು.

ಮೊದಲು ಅಂಕಿಗಳ ವಿಷಯ ಮುಗಿಸಿಬಿಡೋಣ. ಶಿಬಿರಗಳಿಗೆ ಹೋದ ಯಾರೂ ಯೇಲ್ ವಿಶ್ವವಿದ್ಯಾಲಯದ ಕಥೆ ಕೇಳದೆ ವಾಪಸ್ ಬಂದಿರಲಾರರು. 1953ರಲ್ಲಿ ಅಲ್ಲಿ ಓದು ಮುಗಿಸಿದವರನ್ನು ಕೇಳಿದರಂತೆ: ನಿಮ್ಮ ಗುರಿಯನ್ನು ಬರೆದಿಟ್ಟುಕೊಂಡಿದ್ದೀರಾ? 3% ಜನ ಮಾತ್ರ ಹೌದು ಎಂದರಂತೆ. 20 ವರ್ಷ ಬಿಟ್ಟು ನೋಡಿದರೆ, ಆ 3% ಜನರ ಆಸ್ತಿ ಉಳಿದ 97% ಜನರ ಒಟ್ಟು ಆಸ್ತಿಗಿಂತ ಜಾಸ್ತಿ ಇತ್ತಂತೆ. ಡಿಗ್ರಿ ಓದುವಾಗ ಕಾಲೇಜಿನ ಸಭಾಂಗಣದಲ್ಲಿ ಇದನ್ನು ಕೇಳಿ ನಾನೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗುರಿ ಬರೆದಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಅದೇ ಕಥೆ ಮತ್ತೆ ಸಿಕ್ಕಿತು. ಆದರೆ ಈ ಸಲ ವಿಶ್ವವಿದ್ಯಾಲಯ ಹಾರ್ವರ್ಡ್ ಆಗಿತ್ತು, ಇಸವಿ 1979 ಆಗಿತ್ತು. ಅಂಥ ಅಧ್ಯಯನ ನಡೆದೇ ಇಲ್ಲ. 1996ರಲ್ಲಿ ಅಮೆರಿಕದ ಒಂದು ಪತ್ರಿಕೆ ಬೆನ್ನು ಹತ್ತಿ ವಿಚಾರಿಸಿದಾಗ, ನಮ್ಮಲ್ಲಿ ಹಾಗೊಂದು ಸಂಶೋಧನೆಯ ದಾಖಲೆಯೇ ಇಲ್ಲ ಎಂದು ಯೇಲ್‌ನವರು ಹೇಳಿಬಿಟ್ಟರು. ಅದಾದ ಮೇಲೂ ಕಥೆ ಆರೋಗ್ಯವಾಗಿ ಓಡಾಡಿಕೊಂಡಿದೆ.

21 ದಿನದ ಕಥೆಯೂ ಇಂಥದ್ದೇ. 21 ದಿನ ಬಿಡದೆ ಮಾಡಿದರೆ ಏನು ಬೇಕಾದರೂ ಅಭ್ಯಾಸ ಆಗುತ್ತದೆ ಅನ್ನುತ್ತಾರಲ್ಲ, ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗುವುದಕ್ಕೆ ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. 'ಕನಿಷ್ಠ' ಎನ್ನುವುದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಮುಂದೆ ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ನಿಜವಾಗಿಯೂ ಅಳೆದು ನೋಡಿದಾಗ ಬಂದ ಸರಾಸರಿ 66 ದಿನ. ಅದೂ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ. 'ನಿಮಗೆ ಎಷ್ಟು ದಿನ ಹಿಡಿಯುತ್ತೋ ಅಷ್ಟು ದಿನ' ಎಂದು ಪೋಸ್ಟರ್ ಹಾಕಿದರೆ ಯಾರು ಬರುತ್ತಾರೆ ಹೇಳಿ.

ನನಗೆ ಇಷ್ಟವಾದದ್ದು ಮಾತ್ರ 7–38–55. ನಾವು ಏನು ಹೇಳುತ್ತೇವೋ ಅದರಲ್ಲಿ ಪದಗಳ ಪಾಲು 7%, ದನಿಯದು 38%, ಮುಖಭಾವ ಮತ್ತು ಹಾವಭಾವದ್ದು 55%. ನಮ್ಮ ಕಾರ್ಖಾನೆಯಲ್ಲಿ ಒಬ್ಬ ಟ್ರೈನರ್ ಇದನ್ನು ದೊಡ್ಡ ದುಂಡು ಚಿತ್ರದಲ್ಲಿ ತೋರಿಸಿ, ಕಡ್ಡಿಯಿಂದ ತಟ್ಟಿ ತಟ್ಟಿ ಹೇಳುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ಹಿರಿಯ ಸೂಪರ್‌ವೈಸರ್ ಒಬ್ಬರು ಕೈ ಎತ್ತಿದರು.

"ಸಾರ್, ನೈಟ್ ಶಿಫ್ಟ್‌ನೋರು ನಂಗೆ ಫೋನಲ್ಲೇ ಚಾರ್ಜ್ ಕೊಡ್ತಾರೆ. ಮುಖ ಕಾಣಲ್ಲ. ಪ್ರೆಸ್ ಸೌಂಡಲ್ಲಿ ದನಿನೂ ಸರಿಯಾಗಿ ಕೇಳ್ಸಲ್ಲ. ಅಂದ್ರೆ ನಂಗೆ ಏಳೇ ಪರ್ಸೆಂಟ್ ಅರ್ಥ ಆಗೋದಾ?"

ಟ್ರೈನರ್ ನಕ್ಕರು. ಗುಡ್ ಕ್ವೆಶ್ಚನ್ ಅಂದರು. ಮುಂದಿನ ಸ್ಲೈಡಿಗೆ ಹೋದರು.

ಈ ಅಂಕಿ ಹುಟ್ಟಿದ್ದು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರ 1967ರ ಎರಡು ಪ್ರಯೋಗಗಳಿಂದ. ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸಿ, ಹೇಳಿದವರಿಗೆ ಎದುರಿನವರ ಮೇಲೆ ಪ್ರೀತಿ ಇದೆಯಾ ಸಿಟ್ಟಿದೆಯಾ ಎಂದು ಊಹಿಸಲು ಕೇಳಿದ್ದರು. ಭಾವನೆಯ ವಿಷಯ, ಅದೂ ಪದ ಒಂದು ಕಡೆ, ದನಿ ಒಂದು ಕಡೆ ಎಳೆಯುವಾಗ. ಅದಕ್ಕೆ ಮಾತ್ರ ಇದು ಅನ್ವಯಿಸುತ್ತದೆ ಎಂದು ಅವರೇ ಆಮೇಲೆ ಹೇಳಿದ್ದಾರೆ. ಮಾತಿನ ಪಾಲು ಬರೀ 7% ಎಂದು ಹೇಳಲು ಇಡೀ ದಿನ ಮಾತಾಡುವವರಿಗೆ ಇದು ತಲುಪಿಲ್ಲ.

ಸುಳ್ಳು ಅಂಕಿಯಿಂದ ದೊಡ್ಡ ಹಾನಿ ಏನೂ ಆಗುವುದಿಲ್ಲ ಬಿಡಿ. ಗುರಿ ಬರೆದಿಡುವುದು ಒಳ್ಳೆಯದೇ. ಮುಖ ಸಿಂಡರಿಸಿಕೊಂಡು ಮಾತಾಡಬಾರದು ಎನ್ನುವುದೂ ಸರಿಯೇ. ಜಾತ್ರೆಯಲ್ಲಿ ಪೀಪಿ ಊದುವವರ ಹಾಗೆ, ಜನ ತಿರುಗಿ ನೋಡಲು ಒಂದು ಸದ್ದು ಬೇಕು, ಅಷ್ಟೇ.

ಇನ್ನು ನಾನೇ ದುಡ್ಡು ಕೊಟ್ಟು ಹೋದ ಶಿಬಿರ. ಯಾವುದು ಎಂದು ಹೇಳುವುದಿಲ್ಲ. ಈ ನಮೂನೆಯವು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಶುಕ್ರವಾರ ಬೆಳಿಗ್ಗೆ ಶುರುವಾದರೆ ಭಾನುವಾರ ರಾತ್ರಿಯ ತನಕ. ಹೋಟೆಲ್ಲಿನ ನೆಲಮಾಳಿಗೆಯಲ್ಲಿ ಕಿಟಕಿ ಇಲ್ಲದ ಹಾಲ್. ಮುಂದೆ ಎತ್ತರದ ಸ್ಟೂಲಿನ ಮೇಲೆ ಒಬ್ಬರು. ಎರಡು ಕಡೆ ಮೈಕ್. ನೂರಕ್ಕೂ ಹೆಚ್ಚು ಜನ. ಅಪ್ಪನ ಮೇಲಿನ ಸಿಟ್ಟು, ಗಂಡನ ಮೇಲಿನ ಬೇಸರ, ಬಾಸ್ ಮಾಡಿದ ಅವಮಾನ ಎಲ್ಲ ಮೈಕಿನ ಮುಂದೆ ಹೊರಬರಬೇಕು.

ಈ ಮಾದರಿಯ ತಂದೆ ವರ್ನರ್ ಎರ್ಹಾರ್ಡ್ ಎನ್ನಬಹುದು. ಕಾರು ಮಾರಿದ್ದ, ವಿಶ್ವಕೋಶ ಮಾರಿದ್ದ ಮನುಷ್ಯ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಎಸ್ಟ್' ಎಂಬ ತರಬೇತಿ ಶುರು ಮಾಡಿದರು. ಎರಡು ವಾರಾಂತ್ಯ, ಸುಮಾರು 60 ಗಂಟೆ, ಬಾತ್‌ರೂಮಿಗೆ ಹೋಗುವುದಕ್ಕೂ ಕಟ್ಟುಪಾಡು. 1984ರಲ್ಲಿ ಅದು ನಿಂತಿತು, ಅದರ ಮಕ್ಕಳು ಮೊಮ್ಮಕ್ಕಳು ಲೋಕವೆಲ್ಲ ಹರಡಿದರು. ನಾನು ಹೋದಲ್ಲಿ ಬಾತ್‌ರೂಮಿಗೆ ಯಾರೂ ತಡೆ ಮಾಡಲಿಲ್ಲ. ಕಾಫಿ ಮಾತ್ರ ಕೆಟ್ಟದಾಗಿತ್ತು.

ಎರಡನೇ ದಿನ ಸಂಜೆ ಫೋನಿನ ಸರದಿ. ಮಾತು ಬಿಟ್ಟ ಒಬ್ಬರಿಗೆ ಈಗಲೇ ಫೋನ್ ಮಾಡಿ, ನಿಮ್ಮ ಕಡೆಯ ಕಥೆ ಬಿಟ್ಟುಬಿಡಿ, ಸಂಬಂಧ ಸರಿಮಾಡಿಕೊಂಡು ಬನ್ನಿ ಎಂದರು. ಎಲ್ಲರೂ ಹೋಟೆಲ್ಲಿನ ಕಾರ್ ಪಾರ್ಕಿಂಗ್‌ನಲ್ಲಿ ಹರಡಿಕೊಂಡೆವು. ಒಳಗೆ ಎರಡು ದಿನ ಇಂಗ್ಲಿಷಿನಲ್ಲಿ ನಡೆದದ್ದು ಹೊರಗೆ ಬಂದ ಕೂಡಲೇ ಕನ್ನಡ, ತೆಲುಗು, ತಮಿಳು, ಹಿಂದಿ ಆಗಿಹೋಯಿತು. ಕಂಬಕ್ಕೊಬ್ಬರು ಒರಗಿ ಅಳುತ್ತಿದ್ದರು. ವಾಚ್‌ಮನ್ ಗಾಬರಿಯಾಗಿ ಎದ್ದು ನಿಂತಿದ್ದ.

ನಾನು ಅಕ್ಕನಿಗೆ ಮಾಡಿದೆ. ಅಮ್ಮನ ಒಡವೆಯ ವಿಷಯದಲ್ಲಿ ನಮ್ಮಿಬ್ಬರ ನಡುವೆ ಮಾತು ನಿಂತು ಬಹಳ ಕಾಲವಾಗಿತ್ತು. ಹೇಳಿಕೊಟ್ಟ ಹಾಗೆಯೇ ಶುರು ಮಾಡಿದೆ. ಅಕ್ಕ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಯಾಕೇ, ಹುಷಾರಾಗಿದೀಯ ತಾನೆ? ಡಾಕ್ಟ್ರು ಏನಾದ್ರೂ ಹೇಳಿದ್ರಾ?"

ಇಲ್ಲ ಅಂದೆ.

"ಮತ್ತೆ ಯಾರೋ ಪಕ್ಕದಲ್ಲಿ ನಿಂತ್ಕೊಂಡು ಹೇಳಿಸ್ತಿರೋ ಹಾಗಿದೆ. ನಿನ್ ಮಾತು ಹಿಂಗಿರಲ್ವಲ್ಲೇ."

ನನ್ನ ಪಕ್ಕದ ಕುರ್ಚಿಯಲ್ಲಿದ್ದವರು ಮಧ್ಯ ಕರ್ನಾಟಕದ ಕಡೆಯ ಒಬ್ಬ ವ್ಯಾಪಾರಿ. ಅವರು ತಮ್ಮ ಅಣ್ಣನಿಗೆ ಫೋನ್ ಮಾಡಿ, ವ್ಯಾಜ್ಯದಲ್ಲಿದ್ದ ಸೈಟನ್ನು ನೀನೇ ಇಟ್ಟುಕೋ ಎಂದು ಹೇಳಿ ಬಂದಿದ್ದರು. ಮೈಕಿನಲ್ಲಿ ಅದನ್ನು ಹೇಳಿದಾಗ ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮಾರನೇ ದಿನ ಬೆಳಿಗ್ಗೆ ಇಡ್ಲಿ ತಿನ್ನುವಾಗ ಮೆಲ್ಲಗೆ ಕೇಳಿದರು: "ಮೇಡಂ, ಮನೇಲಿ ಇನ್ನೂ ಹೇಳಿಲ್ಲ. ಬಾಯಿಮಾತಲ್ಲಿ ಹೇಳಿದ್ದು ಕೋರ್ಟಲ್ಲಿ ನಿಲ್ಲತ್ತಾ?"

ನಗು ಬರುತ್ತದೆ ನಿಜ. ಆದರೆ ಆ ಸಂಜೆ ನಾನು ನೋಡಿದ ಅಳು ನಾಟಕವಲ್ಲ. ನಡುವಯಸ್ಸಿನ ಗಂಡಸರು ಮನೆಯಲ್ಲಿ, ಆಫೀಸಿನಲ್ಲಿ ಬಾಯಿ ಬಿಡದ ಮಾತುಗಳನ್ನು ಅಪರಿಚಿತರ ಮುಂದೆ ಹೇಳಿಕೊಂಡರು. ಯಾರೂ ಮಧ್ಯೆ ಬಾಯಿ ಹಾಕಲಿಲ್ಲ, ಯಾರೂ ಬುದ್ಧಿ ಹೇಳಲಿಲ್ಲ. ನಮ್ಮ ಕಡೆ ಕಷ್ಟ ಹೇಳಿಕೊಂಡರೆ ಎರಡನೇ ವಾಕ್ಯಕ್ಕೇ "ಅದೇನ್ ಮಹಾ, ನಮ್ಮ ಭಾವಂಗೆ ಏನಾಯ್ತು ಗೊತ್ತಾ" ಎಂದು ಎದುರಿನವರ ಕಥೆ ಶುರುವಾಗುತ್ತದೆ ಅಲ್ವಾ? ಅಲ್ಲಿ ಹಾಗಾಗಲಿಲ್ಲ. ಕೊಟ್ಟ ದುಡ್ಡು ಅಷ್ಟಕ್ಕೇ ಸಂದಾಯವಾಯಿತು ಎಂದು ಈಗಲೂ ನನಗೆ ಅನಿಸುತ್ತದೆ.

ಆಮೇಲೆ ಕೆಲವು ವಾರಾಂತ್ಯ ಅಲ್ಲೇ ಸ್ವಯಂಸೇವಕಿಯಾಗಿ ಹೋದೆ. ಹಿಂದುಗಡೆಯಿಂದ ನೋಡುವ ಕುತೂಹಲ. ಕುರ್ಚಿಗಳನ್ನು ದಾರ ಹಿಡಿದು ಸಾಲಾಗಿ ಜೋಡಿಸುತ್ತಿದ್ದೆವು. ಬರುವವರ ಲೆಕ್ಕಕ್ಕಿಂತ ನಾಲ್ಕೈದು ಕುರ್ಚಿ ಕಡಿಮೆಯೇ ಹಾಕಬೇಕು. ಜನ ಬಂದ ಮೇಲೆ ಒಂದೊಂದಾಗಿ ತಂದು ಹಾಕಬೇಕು. ಆಗ ಹಾಲ್ ತುಂಬಿ ತುಳುಕುತ್ತಿದೆ ಎನಿಸುತ್ತದೆ. ಟಿಶ್ಯೂ ಡಬ್ಬಿ ಯಾವ ಸಾಲಿನಿಂದಲೂ ಕೈಗೆಟುಕಬೇಕು. ಮೈಕ್ ಹಿಡಿದು ಓಡುವವರು ಅಳುವವರ ಮುಖ ನೋಡಬಾರದು. ಇದನ್ನೆಲ್ಲ ಮೋಸ ಎನ್ನಲಾರೆ. ಮದುವೆ ಮನೆಯಲ್ಲೂ ಎಲೆ ಹಾಕುವುದಕ್ಕೆ ಒಂದು ಲೆಕ್ಕ ಇದ್ದೇ ಇರುತ್ತದೆ.

ಹಿಂದೆ ನಿಂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನನ್ನ ತಕರಾರು ಇರುವುದು ಅಲ್ಲೇ.

ಶಿಬಿರ ಮುಗಿಸಿದವರು ಮತ್ತೆ ಮತ್ತೆ ಬಂದು ತಮ್ಮ ಅನುಭವ ಹೇಳುತ್ತಿದ್ದರು. ಹೊಸಬರನ್ನು ಕರೆತರುವ ಸಂಜೆಗಳಲ್ಲಂತೂ ಇದು ಕಡ್ಡಾಯ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಅವರಲ್ಲಿದ್ದರು. ಶಿಬಿರ ಮುಗಿದ ವಾರ ಅವರು ಹೇಳಿದ್ದು: "ನಂಗೆ ಮೀಟಿಂಗಲ್ಲಿ ಮಾತಾಡೋಕೆ ಸ್ವಲ್ಪ ಸಂಕೋಚ ಇತ್ತು, ಈಗ ಕಡಿಮೆ ಆಗಿದೆ." ಮುಂದಿನ ಸಲ ಅದು "ನಾನು ಯಾರ ಜೊತೆಗೂ ಬೆರೀತಾ ಇರಲಿಲ್ಲ" ಆಯಿತು. ಇನ್ನೂ ಕೆಲವು ತಿಂಗಳಿಗೆ "ಮನೇಲಿ, ಆಫೀಸಲ್ಲಿ ಜೀವಚ್ಛವ ಆಗಿದ್ದೆ" ಎನ್ನುವಲ್ಲಿಗೆ ಬಂತು. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುತ್ತಿರಲಿಲ್ಲ. ಆದರೆ ಆ ಮನುಷ್ಯನನ್ನು ನಾನು ಶಿಬಿರಕ್ಕೆ ಮುಂಚೆಯೇ ಬಲ್ಲೆ. ಆಯುಧಪೂಜೆ ದಿನ ಕಾರ್ಖಾನೆಯಲ್ಲಿ ಮಿಮಿಕ್ರಿ ಮಾಡಿ ಎಂಡಿಯನ್ನೇ ನಗಿಸಿದವರು. ಕ್ಯಾಂಟೀನ್ ಸಾಂಬಾರಿನ ವಿಷಯದಲ್ಲಿ ಎಲ್ಲರ ಪರವಾಗಿ ಜಗಳಕ್ಕೆ ನಿಂತವರು. ಆ ಹಳೆಯ ಒಳ್ಳೆಯ ಮನುಷ್ಯನನ್ನು ಅವರೇ ಮೈಕಿನ ಮುಂದೆ ಕಂತು ಕಂತಾಗಿ ಸಾಯಿಸುತ್ತಿದ್ದರು.

ಇದನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರಾ ಎಂದು ಹುಡುಕಿದೆ. ನೋಡಿದ್ದಾರೆ. 1984ರಲ್ಲಿ ಕೆನಡಾದ ಮೈಕಲ್ ಕಾನ್ವೇ ಮತ್ತು ಮೈಕಲ್ ರಾಸ್ ಎಂಬ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಚೆನ್ನಾಗಿ ಓದುವುದು ಹೇಗೆ ಎಂದು ಕಲಿಸುವ ಒಂದು ತರಬೇತಿಗೆ ವಿದ್ಯಾರ್ಥಿಗಳು ಹೆಸರು ಕೊಟ್ಟಿದ್ದರು. ಕೆಲವರನ್ನು ಕೂಡಲೇ ಸೇರಿಸಿಕೊಂಡರು, ಉಳಿದವರನ್ನು ಕಾಯುವ ಪಟ್ಟಿಯಲ್ಲಿ ಇಟ್ಟರು. ಶುರುವಿನಲ್ಲೇ ಎಲ್ಲರಿಂದಲೂ ನಿಮ್ಮ ಓದಿನ ರೀತಿಗೆ ನೀವೇ ಅಂಕ ಕೊಟ್ಟುಕೊಳ್ಳಿ ಎಂದು ಬರೆಸಿಕೊಂಡಿದ್ದರು. ತರಬೇತಿ ಮುಗಿದ ಮೇಲೆ ಕೇಳಿದ್ದು ಇಷ್ಟು: ಅವತ್ತು ಎಷ್ಟು ಅಂಕ ಕೊಟ್ಟುಕೊಂಡಿದ್ದಿರಿ, ನೆನಪಿಸಿಕೊಂಡು ಬರೆಯಿರಿ. ಕಾಯುವ ಪಟ್ಟಿಯವರು ಹೆಚ್ಚು ಕಡಿಮೆ ಸರಿಯಾಗಿಯೇ ನೆನಪಿಸಿಕೊಂಡರು. ತರಬೇತಿ ಪಡೆದವರು ಮಾತ್ರ, ತಾವು ನಿಜವಾಗಿ ಬರೆದದ್ದಕ್ಕಿಂತ ಕಡಿಮೆ ಅಂಕ ನೆನಪಿಸಿಕೊಂಡರು. ತರಬೇತಿಯಿಂದ ಅವರ ಪರೀಕ್ಷೆಯ ಅಂಕಗಳೇನೂ ಏರಿರಲಿಲ್ಲ. ಏರಿದ ಹಾಗೆ ಅನ್ನಿಸಬೇಕಲ್ಲ, ಅದಕ್ಕೆ ಹಿಂದಿನದು ತಾನಾಗಿ ಕೆಳಗಿಳಿದಿತ್ತು.

ಇದನ್ನು ಓದಿದ ದಿನ ನನ್ನ ಮೇಜಿನ ಡ್ರಾಯರ್ ತೆಗೆದು ನಮ್ಮದೇ ಫೀಡ್‌ಬ್ಯಾಕ್ ಫಾರಂ ನೋಡಿದೆ. ಟ್ರೈನಿಂಗ್ ಮುಗಿದ ಮೇಲೆ, ಬಿಸ್ಕತ್ತು ಟೀ ಕೊಡುವಾಗ ಕೈಗಿಡುವ ಒಂದು ಹಾಳೆ. ಅದರಲ್ಲಿ ಎರಡು ಕಾಲಂ: 'ತರಬೇತಿಗೆ ಮೊದಲು' ಮತ್ತು 'ತರಬೇತಿಯ ನಂತರ'. ಎರಡನ್ನೂ ತುಂಬುವುದು ಒಂದೇ ಹೊತ್ತಿನಲ್ಲಿ, ಒಂದೇ ಪೆನ್ನಿನಲ್ಲಿ, ಟ್ರೈನರ್ ಬಾಗಿಲ ಬಳಿ ನಿಂತು ಕೈಕುಲುಕುತ್ತಿರುವಾಗ! ಮೊದಲು 2 ಎಂದು ಬರೆದರೆ ತಾನೆ ನಂತರ 4 ಎಂದು ಬರೆಯಲು ಜಾಗ ಸಿಗುವುದು? ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕು ಎಂದು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿದ್ದರು. ಜನರಿಗೆ ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ನಡವಳಿಕೆ ಬದಲಾಯಿತಾ, ಅದರಿಂದ ಫಲ ಬಂತಾ. ನಮ್ಮ ಕಡೆ ಎಲ್ಲರೂ ಮೊದಲನೇ ಮೆಟ್ಟಿಲಲ್ಲೇ ಟೀ ಕುಡಿದು ಇಳಿದುಬಿಡುತ್ತಾರೆ.

ಇನ್ನೂ ಒಂದು ಇದೆ. ಕಷ್ಟಪಟ್ಟು ಪಡೆದದ್ದು ನಮಗೆ ಜಾಸ್ತಿ ರುಚಿಸುತ್ತದೆ. 1959ರಲ್ಲೇ ಅರಾನ್ಸನ್ ಮತ್ತು ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ತೋರಿಸಿದ್ದರು. ಒಂದು ಚರ್ಚಾಗುಂಪಿಗೆ ಸೇರಲು ಕೆಲವು ವಿದ್ಯಾರ್ಥಿನಿಯರು ಮುಜುಗರದ ಪರೀಕ್ಷೆ ದಾಟಬೇಕಾಗಿತ್ತು. ಆಮೇಲೆ ಕೇಳಿಸಿದ ಚರ್ಚೆಯೋ, ಬೇಕಂತಲೇ ಸಪ್ಪೆಯಾಗಿ ಮಾಡಿದ್ದು. ಜಾಸ್ತಿ ಮುಜುಗರ ಪಟ್ಟವರೇ ಅದನ್ನು ಜಾಸ್ತಿ ಸ್ವಾರಸ್ಯ ಎಂದರು. ಕಿಟಕಿ ಇಲ್ಲದ ಹಾಲಿನಲ್ಲಿ ಮೂರು ದಿನ ಕೂತು, ನೂರು ಜನರ ಮುಂದೆ ಅತ್ತು, ದುಡ್ಡೂ ಕೊಟ್ಟು ಬಂದವರು "ಪರವಾಗಿಲ್ಲ, ಚೆನ್ನಾಗಿತ್ತು" ಎಂದಷ್ಟೇ ಹೇಳಲು ಆಗುತ್ತದಾ?

ಭಾವನವರು ಕರೆದುಕೊಂಡು ಹೋದ ಭಾನುವಾರದ ಮೀಟಿಂಗ್ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಮೆಜೆಸ್ಟಿಕ್ ಹತ್ತಿರದ ಹೋಟೆಲ್ಲು, ಬಿಸಿಲಲ್ಲೂ ಟೈ ಕಟ್ಟಿದವರು, ಬಿಳಿ ಹಲಗೆಯ ಮೇಲೆ ಒಂದರ ಕೆಳಗೆ ಎರಡು, ಎರಡರ ಕೆಳಗೆ ನಾಲ್ಕು ದುಂಡಗಿನ ಗೆರೆ. ನಿಮ್ಮ ಕನಸೇನು ಎಂದು ಕೇಳಿ, ಆ ಕನಸಿಗೆ ಸೋಪು, ಪ್ರೋಟೀನ್ ಪುಡಿ ಅಂಟಿಸುತ್ತಾರೆ. ಹೊಸಬರನ್ನು ಸೇರಿಸಿದರೆ ದುಡ್ಡು ಎನ್ನುವ ಇಂಥ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾನೂನು 1978ರಿಂದಲೇ ಇದೆ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆ ನಡೆಸಬಾರದು ಎಂದು ಮತ್ತೆ ಹೇಳಿವೆ. ಅಲ್ಲೂ ವೇದಿಕೆಗೆ ಬಂದ ಪ್ರತಿಯೊಬ್ಬರೂ ತಮ್ಮ ಹಳೆಯ ಕೆಲಸವನ್ನು 'ಗುಲಾಮಗಿರಿ' ಎನ್ನುತ್ತಿದ್ದರು. ಅವರಲ್ಲೊಬ್ಬರು ಮೇಷ್ಟರಾಗಿದ್ದವರು. ನನಗೆ ಅದೊಂದೇ ಬೇಸರ ತಂದದ್ದು.

ಕೆಂಡದ ಕಥೆ ಹೇಳಲೇಬೇಕು. ಕನಕಪುರ ರಸ್ತೆಯ ಒಂದು ರೆಸಾರ್ಟಿಗೆ ನಮ್ಮ ಸೇಲ್ಸ್ ತಂಡವನ್ನು ಕರೆದೊಯ್ದಿದ್ದೆವು. ರಾತ್ರಿ ಕೆಂಡದ ಮೇಲೆ ನಡೆಸುವ ಕಾರ್ಯಕ್ರಮ. ಭಯ ಗೆದ್ದವರು ಏನನ್ನೂ ಗೆಲ್ಲಬಹುದು ಎಂಬ ಲೆಕ್ಕ. ನಮ್ಮ ಬಸ್ ಓಡಿಸಿದವರು ಮಳವಳ್ಳಿ ಕಡೆಯವರು. ಸೌದೆ ಉರಿಯುವುದನ್ನು ನೋಡುತ್ತಾ ನನ್ನ ಹತ್ತಿರ ಬಂದರು.

"ಅಲ್ಲ ಮೇಡಮ್ಮೋರೆ, ಮದ್ಯಾನ ಬಿರಿಯಾನಿ ತಿಂದವ್ರೆ. ಈಗ ಕೊಂಡ ಹಾಯ್ತಾರಾ?"

ಅವರ ಊರಿನ ಹಬ್ಬದಲ್ಲಿ ಕೊಂಡ ಹಾಯುವ ಪದ್ಧತಿ ಇದೆ. ಹಬ್ಬ ಸಾರಿದ ದಿನದಿಂದ ಹಾಯುವವರು ಮಾಂಸ ಮುಟ್ಟುವುದಿಲ್ಲ. ಮನೆ ಸಾರಿಸಿ, ಸ್ನಾನ ಮಾಡಿ, ಉಪವಾಸ ಇದ್ದು, ತಮಟೆ ಸದ್ದಿನ ನಡುವೆ ದೇವರ ಹಿಂದೆ ಹಾಯುತ್ತಾರೆ. ಮಂಡ್ಯ, ಮೈಸೂರು, ಚಾಮರಾಜನಗರದ ಕಡೆ ಹುಟ್ಟಿದವರಿಗೆ ಇದು ಹೊಸದಲ್ಲ. ಇಲ್ಲಿ ತಮಟೆಯ ಬದಲು ಸ್ಪೀಕರ್ ಇತ್ತು, ದೇವರ ಬದಲು "ಯೆಸ್! ಯೆಸ್!" ಎಂಬ ಕೂಗು ಇತ್ತು. ಆಚೆ ಬದಿಗೆ ನೀರು ಹಾಕಿ ನೆನೆಸಿದ ಹುಲ್ಲು.

ಯಾಕೆ ಸುಡುವುದಿಲ್ಲ ಎನ್ನುವುದಕ್ಕೆ ಉತ್ತರ ಹಳೆಯದು. 1935ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಕಾಶ್ಮೀರದ ಖುದಾ ಬಕ್ಷ್ ಅವರನ್ನು ವಿಜ್ಞಾನಿಗಳ ಮುಂದೆಯೇ ಕೆಂಡದ ಮೇಲೆ ನಡೆಸಿ ನೋಡಿದ್ದರು. ಸೌದೆಯ ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ. ಪಾದ ಅದರ ಮೇಲೆ ಇರುವುದು ಕ್ಷಣಕಾಲ. ಕೆಂಡವನ್ನು ಬೂದಿ ಮುಚ್ಚಿರುತ್ತದೆ. ಸರಸರ ನಡೆದರೆ ಆಯಿತು. ಮಧ್ಯೆ ನಿಂತು ಫೋಟೊ ತೆಗೆಸಿಕೊಳ್ಳಬಾರದು. 2016ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಟೋನಿ ರಾಬಿನ್ಸ್ ಎಂಬ ಹೆಸರಾಂತ ಪ್ರೇರಣಾ ಭಾಷಣಕಾರರ ಕಾರ್ಯಕ್ರಮದಲ್ಲಿ ಕೆಂಡ ತುಳಿದ 30ಕ್ಕೂ ಹೆಚ್ಚು ಜನಕ್ಕೆ ಸುಟ್ಟಗಾಯವಾಗಿ ಚಿಕಿತ್ಸೆ ಕೊಡಬೇಕಾಗಿ ಬಂದಿತ್ತು. ಆತ್ಮವಿಶ್ವಾಸ ಅಲ್ಲಿ ಕಡಿಮೆ ಇತ್ತು ಎಂದು ಹೇಳಲಾದೀತೇ?

ನಮ್ಮವರಿಗೆ ಯಾರಿಗೂ ಏನೂ ಆಗಲಿಲ್ಲ. ಸೋಮವಾರ ಒಬ್ಬ ಹುಡುಗ, ಸೇಲ್ಸ್ ಆಫೀಸರ್, ನನ್ನ ಕ್ಯಾಬಿನ್ ಮುಂದೆ ನಿಂತಿದ್ದ. "ಮೇಡಂ, ಬೆಂಕಿ ಮೇಲೆ ನಡೆದ್ನಲ್ಲ, ಆದ್ರೂ ಆ ಡೀಲರ್‌ಗೆ ಫೋನ್ ಮಾಡಿ ಬಾಕಿ ಕೇಳೋಕೆ ಕೈ ನಡುಗುತ್ತೆ. ನಂದೇ ಏನೋ ಪ್ರಾಬ್ಲಂ ಇರ್ಬೇಕು." ನೋಡಿ, ಇಲ್ಲೂ ಅದೇ ಆಯಿತು. ಶಿಬಿರಕ್ಕೆ ಮುಂಚೆ ಅವನಿಗಿದ್ದದ್ದು ಒಬ್ಬ ಒರಟ ಡೀಲರ್ ಮಾತ್ರ. ಈಗ ಅವನೇ ಅವನಿಗೆ ಪ್ರಾಬ್ಲಂ. ಮಳವಳ್ಳಿಯಲ್ಲಿ ಕೊಂಡ ಹಾಯ್ದವರನ್ನು ಮಾರನೇ ದಿನ ಯಾರೂ "ನಿನ್ನಲ್ಲಿ ಏನು ಬದಲಾವಣೆ ಆಯ್ತು?" ಎಂದು ಕೇಳುವುದಿಲ್ಲ. ಹರಕೆ ತೀರಿತು, ಗದ್ದೆಗೆ ಹೋದರು.

ಮಾತೇ ಇಲ್ಲದ ಶಿಬಿರಕ್ಕೂ ಹೋಗಿದ್ದೇನೆ. ಎಸ್. ಎನ್. ಗೋಯೆಂಕಾ ಅವರ ಪದ್ಧತಿಯ ವಿಪಶ್ಯನ ಧ್ಯಾನ, 10 ದಿನ. ಮ್ಯಾನ್ಮಾರ್‌ನಲ್ಲಿ ಹುಟ್ಟಿದ ವ್ಯಾಪಾರಸ್ಥ ಅವರು, ಭಾರತದಲ್ಲಿ ಕಲಿಸಲು ಶುರು ಮಾಡಿದ್ದು 1969ರಲ್ಲಿ. ಬೆಳಿಗ್ಗೆ 4ಕ್ಕೆ ಗಂಟೆ. 11ಕ್ಕೆ ಊಟ. ಸಂಜೆ ಹೊಸಬರಿಗೆ ಹಣ್ಣು, ಟೀ. ಫೀಸ್ ಇಲ್ಲ, ಕೊಡುವುದಿದ್ದರೆ ಮುಗಿಸಿದ ಮೇಲೆ ಕೊಡಬಹುದು. ಮೈಕ್ ಇಲ್ಲ, ಚಪ್ಪಾಳೆ ಇಲ್ಲ, ನಿಮ್ಮ ಕಥೆ ಯಾರಿಗೂ ಬೇಡ. ಮಂಡಿ ನೋವಿನಲ್ಲಿ ನನಗೆ ಜ್ಞಾನೋದಯ ಏನೂ ಆಗಲಿಲ್ಲ. ತಲೆಯೊಳಗೆ ಹಳೆಯ ಸೋಪಿನ ಜಾಹೀರಾತೊಂದು ದಿನಗಟ್ಟಲೆ ಓಡಿತು. ಆದರೆ ಅಲ್ಲಿರುವ ತನಕ ಹಳೆಯ ನನ್ನನ್ನು ಬೈಯಬೇಕಾದ ಅಗತ್ಯ ಬರಲಿಲ್ಲ. 10ನೇ ದಿನ ಮೌನ ಬಿಟ್ಟಿತು ನೋಡಿ, ಮರದ ಕೆಳಗೆ ನಿಂತ ಹತ್ತೇ ನಿಮಿಷದಲ್ಲಿ ಒಬ್ಬಾಕೆ ಶುರು ಮಾಡಿದರು: "ಇಲ್ಲಿಗೆ ಬರೋಕ್ ಮುಂಚೆ ನಾನು ಎಂಥಾ ಸಿಡುಕಿ ಅಂತೀರಾ!" ಸುತ್ತ ನಿಂತವರು ಒಬ್ಬರಿಗಿಂತ ಒಬ್ಬರು ಹೆಚ್ಚು ಸಿಡುಕರಾಗುತ್ತಾ ಹೋದರು.

ಅಂದಹಾಗೆ, ಅಕ್ಕ ನಾನು ಮತ್ತೆ ಮಾತಾಡಿದ್ದು ಅಮ್ಮನ ಕಣ್ಣಿನ ಪೊರೆ ಆಪರೇಷನ್ ದಿನ. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೇ ಕೂತಿದ್ದೆವು. ಅವಳು ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದಳು. ಉಪ್ಪು ಕಮ್ಮಿ ಅಂದೆ. "ಬಿಪಿ ಇರೋರಿಗೆ ಮಾಡಿದ್ದು, ನಿಂಗಲ್ಲ" ಅಂದಳು. ಒಡವೆಯ ವಿಷಯ ಇವತ್ತಿಗೂ ಇತ್ಯರ್ಥವಾಗಿಲ್ಲ. ಹಾಗೇ ಇದೆ, ನಾವೂ ಮಾತಾಡಿಕೊಂಡಿದ್ದೇವೆ.

ಕಾರ್ಖಾನೆಯಲ್ಲಿ ನಿಜವಾಗಿ ಏನಾದರೂ ಬದಲಾಯಿಸಿದ ತರಬೇತಿ ಯಾವುದು ಎಂದು ಕೇಳಿದರೆ, ನಾನು ಹೇಳುವುದು ಶಿಫ್ಟ್ ರಿಜಿಸ್ಟರ್ ತರಬೇತಿ. ರಿಟೈರ್ ಆದ ಫೋರ್‌ಮನ್ ಒಬ್ಬರು ಬಂದಿದ್ದರು. ಸ್ಲೈಡ್ ಇಲ್ಲ. ಹಿಂದಿನ ವಾರದ ನಮ್ಮದೇ ರಿಜಿಸ್ಟರ್ ಪುಟಗಳನ್ನು ಜೆರಾಕ್ಸ್ ಮಾಡಿಸಿ ಎಲ್ಲರ ಕೈಗೆ ಕೊಟ್ಟರು. "ಮಷೀನ್ ಪ್ರಾಬ್ಲಂ ಅಂತ ಬರೆದಿದೆ. ಯಾವ ಪ್ರಾಬ್ಲಂ? ಓದಿದೋನಿಗೆ ಏನು ಗೊತ್ತಾಗತ್ತೆ?" ಬರೆದವನು ಅಲ್ಲೇ ಕೂತಿದ್ದ. ಓದಿ ಕೈಸುಟ್ಟುಕೊಂಡವನೂ ಅಲ್ಲೇ ಇದ್ದ. ಇಬ್ಬರೂ ಜಗಳಕ್ಕೆ ಬಿದ್ದರು. ಇಡೀ ಮಧ್ಯಾಹ್ನ ಅದೇ ಆಯಿತು. ಆಮೇಲಿನ ರಿಜಿಸ್ಟರ್ ನೋಡಿದರೆ ಯಾವ ಬೋಲ್ಟ್, ಎಷ್ಟು ಗಂಟೆಗೆ, ಯಾರಿಗೆ ಹೇಳಲಾಯಿತು ಎಲ್ಲ ಇರುತ್ತದೆ.

ತಮಾಷೆ ಎಂದರೆ ಈ ಶಿಬಿರಗಳ ಬೇರೂ ಇಂಥದ್ದೇ ಒಂದು ಜಗಳದಲ್ಲಿದೆ. 1946ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಒಂದು ಕಾರ್ಯಾಗಾರ ನಡೆಸುತ್ತಿತ್ತು. ದಿನದ ಕೊನೆಗೆ ಸಂಶೋಧಕರು ಕೂತು, ಬಂದವರು ಅವತ್ತು ಹೇಗೆ ನಡೆದುಕೊಂಡರು ಎಂದು ಚರ್ಚೆ ಮಾಡುತ್ತಿದ್ದರು. ಒಂದು ಸಂಜೆ ಕೆಲವರು ಬಂದು ನಾವೂ ಕೂರಬಹುದಾ ಎಂದರು. ತಮ್ಮ ಬಗ್ಗೆ ಆಡಿದ್ದನ್ನು ಕೇಳಿ, ನಾನು ಹಾಗೆ ಮಾಡಲೇ ಇಲ್ಲ ಎಂದು ವಾದಕ್ಕಿಳಿದರು. ಹಗಲಿನ ಪಾಠಕ್ಕಿಂತ ಆ ಸಂಜೆಗಳೇ ಕಳೆಗಟ್ಟಿದವು. ಅಲ್ಲಿ ಮಾತು ನಡೆದದ್ದು ಅದೇ ದಿನ, ಎಲ್ಲರ ಕಣ್ಣೆದುರು ಆದದ್ದರ ಬಗ್ಗೆ. ಯಾರೂ ಹೆಚ್ಚು ಕಡಿಮೆ ಮಾಡಿ ಹೇಳಲು ಆಗುತ್ತಿರಲಿಲ್ಲ.

ನಮ್ಮ ಫಾರಂ ಈಗ ಬದಲಾಗಿದೆ. 'ಮೊದಲು' ಕಾಲಮನ್ನು ತರಬೇತಿಯ ಹಿಂದಿನ ವಾರವೇ ಬರೆಸಿ, ಕವರಿನಲ್ಲಿ ಹಾಕಿ, ಅಂಟಿಸಿ ಇಡುತ್ತೇನೆ. ಮುಗಿದ ಮೇಲೆ ಎರಡನೇ ಹಾಳೆ. ಆಮೇಲೆ ಕವರ್ ಒಡೆದು ಅವರವರಿಗೇ ತೋರಿಸುತ್ತೇನೆ. "ಅಯ್ಯೋ, ನಾನು ಆಗ್ಲೇ ಇಷ್ಟು ಕೊಟ್ಕೊಂಡಿದ್ನಾ?" ಎನ್ನುತ್ತಾರೆ. ಕೆಲವರಿಗೆ ಖುಷಿ, ಕೆಲವರಿಗೆ ಇರುಸುಮುರುಸು. ವ್ಯತ್ಯಾಸ ಮಾತ್ರ ತೀರಾ ಚಿಕ್ಕದಾಗಿ ಬರುತ್ತದೆ.

ನಮ್ಮ ಕಾಯಂ ಟ್ರೈನರ್ ಒಬ್ಬರಿಗೆ ಇದು ಹಿಡಿಸಲಿಲ್ಲ. "ಮೇಡಂ, ಹಳೇ ಫಾರಮ್ಮೇ ಚೆನ್ನಾಗಿತ್ತಲ್ವಾ? ಬೇರೆ ಕಂಪನಿಗಳಿಗೆ ಗ್ರಾಫ್ ತೋರಿಸ್ಬೇಕು ನಾನು. ಇದ್ರಲ್ಲಿ ಗೆರೆ ಮೇಲಕ್ಕೇ ಹೋಗಲ್ಲ." ಬೇಕಿದ್ದರೆ ಹಳೆಯದನ್ನೂ ಒಂದು ಬರೆಸಿಕೊಳ್ಳಿ ಎಂದೆ. ಬರೆಸಿಕೊಳ್ಳುತ್ತಾರೆ. ಮನುಷ್ಯ ಒಳ್ಳೆಯವರು, ಜೋಕ್ ಚೆನ್ನಾಗಿ ಹೇಳುತ್ತಾರೆ. ಮುಂದಿನ ತಿಂಗಳೂ ಅವರದೇ ಇದೆ, ಬಿಲ್ ಆಗಲೇ ಪಾಸಾಗಿದೆ.